ಲಸಿಕೆ ಹಾಕಿದ ಮರಿಗಳು ಸತ್ತದ್ದೇಕೆ: ಒಂದು ಹಂದಿ ಫಾರ್ಮಿನಲ್ಲಿ ಪ್ರತಿಕಾಯಗಳ ಹುಡುಕಾಟ

ಲಸಿಕೆ ಹಾಕಿಸಿದ ಮೇಲೂ ಮರಿಗಳು ಹಂದಿ ಜ್ವರದಿಂದ ಸಾಯುತ್ತಿವೆ, ಲಸಿಕೆಯಲ್ಲೇ ಏನೋ ದೋಷವಿರಬೇಕು ಎಂಬ ದೂರು ಹಂದಿ ಸಾಕುವವರಿಂದ ಆಗಾಗ ಬರುತ್ತದೆ. ನಾನು ಪಶುವೈದ್ಯೆ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮುಗಿಸಿ ರೋಗನಿರ್ಣಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ದೊಡ್ಡಬಳ್ಳಾಪುರದ ಆಚೆಗಿರುವ ಮಧ್ಯಮ ಗಾತ್ರದ ಫಾರ್ಮಿನ ಮಾಲೀಕರೊಬ್ಬರು ಇದೇ ದೂರು ಹೊತ್ತು ಬಂದಾಗ, ಸತ್ತ ಮರಿಯ ಪರೀಕ್ಷೆಗಷ್ಟೇ ನಿಲ್ಲದೆ ಇಡೀ ಹಿಂಡಿನ ರಕ್ತ ಪರೀಕ್ಷಿಸಿ ಕಾರಣ ಹುಡುಕೋಣವೆಂದು ನಾವು ನಿರ್ಧರಿಸಿದೆವು. ಆ ಕೆಲಸ ಹೇಗೆ ನಡೆಯಿತು, ರಕ್ತಸಾರದ ಅಂಕಿಗಳು ಏನು ಹೇಳಿದವು, ಏನನ್ನು ಹೇಳಲಾರದೆ ಹೋದವು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ರಕ್ತದಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು, ಇದ್ದರೆ ಪ್ರಾಣಿ ಕ್ಷೇಮ, ಇಲ್ಲದಿದ್ದರೆ ಅದಕ್ಕೆ ಸೋಂಕೇ ತಗುಲಿಲ್ಲ ಎಂದು ನಂಬಿ ಫಾರ್ಮು ನಡೆಸುವವರು ಬಹಳ ಮಂದಿ ಇದ್ದಾರೆ. ಈ ಎರಡು ನಂಬಿಕೆಗಳೂ ಆ ಫಾರ್ಮಿನಲ್ಲಿ ಸುಳ್ಳಾದವು.

ಮೊದಲು ಇತ್ಯರ್ಥವಾಗಬೇಕಿದ್ದದ್ದು ಇದು ಯಾವ ಜ್ವರ ಎಂಬ ಪ್ರಶ್ನೆ. ಹಳೆಯ ಹಂದಿ ಜ್ವರ (ಇಂಗ್ಲಿಷಿನಲ್ಲಿ ಕ್ಲಾಸಿಕಲ್ ಸ್ವೈನ್ ಫೀವರ್; ಫಾರ್ಮಿನಲ್ಲಿ ಹಾಕುವ ಲಸಿಕೆ ಇದರದ್ದೇ) ಮತ್ತು ಆಫ್ರಿಕನ್ ಹಂದಿ ಜ್ವರ ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಅವುಗಳ ವೈರಸ್‌ಗಳಿಗೆ ಪರಸ್ಪರ ಯಾವ ಸಂಬಂಧವೂ ಇಲ್ಲ. ಮೊದಲನೆಯದು ಆರ್‌ಎನ್‌ಎ ಇರುವ, ಪೆಸ್ಟಿವೈರಸ್ ಎಂಬ ಗುಂಪಿನ ಸಣ್ಣ ವೈರಸ್. ಎರಡನೆಯದು ಡಿಎನ್‌ಎ ಇರುವ, ಗಾತ್ರದಲ್ಲಿ ದೊಡ್ಡದಾದ ಬೇರೊಂದು ವಂಶದ ವೈರಸ್. ಆದರೆ ಕೊಟ್ಟಿಗೆಯಲ್ಲಿ ನಿಂತು ನೋಡುವವರಿಗೆ ಎರಡರ ಲಕ್ಷಣವೂ ಒಂದೇ: 41 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಜ್ವರ, ಮೇವು ಬಿಟ್ಟು ಒಂದರ ಮೇಲೊಂದು ಒತ್ತಿಕೊಂಡು ಮಲಗುವ ಮರಿಗಳು, ಕಿವಿ ಮತ್ತು ಹೊಟ್ಟೆಯ ಚರ್ಮದ ಮೇಲೆ ನೇರಳೆ ಕಲೆಗಳು, ಹಿಂಗಾಲಿನ ತಡವರಿಕೆ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಮೊದಲು ಪತ್ತೆಯಾದ ಆಫ್ರಿಕನ್ ಹಂದಿ ಜ್ವರ 2022ರ ಜುಲೈನಲ್ಲಿ ನಮ್ಮ ಗಡಿಯ ಪಕ್ಕದ ವಯನಾಡಿಗೂ ಬಂದಿತ್ತು. ಆದ್ದರಿಂದ ಆ ಅನುಮಾನವನ್ನು ಬದಿಗಿಡುವಂತಿರಲಿಲ್ಲ. ಸತ್ತ ಮರಿಯನ್ನು ಕೊಯ್ದು ನೋಡಿದಾಗ ಮೂತ್ರಪಿಂಡದ ಮೇಲೆ ಗುಂಡುಸೂಜಿಯ ಮೊನೆಯಷ್ಟು ಚಿಕ್ಕ ರಕ್ತದ ಚುಕ್ಕೆಗಳೂ ಗುಲ್ಮದ (ಸ್ಪ್ಲೀನ್) ಅಂಚಿನಲ್ಲಿ ಕಪ್ಪಗೆ ಸತ್ತುಹೋದ ಭಾಗಗಳೂ ಕಂಡವು. ಗುಲ್ಮದ ಅಂಚಿನ ಈ ಕಪ್ಪು ಗುರುತು ಹಳೆಯ ಹಂದಿ ಜ್ವರದ ಕಡೆಗೆ ಬೆರಳು ತೋರಿಸುತ್ತದೆ; ಆದರೆ ಕಣ್ಣಿನ ಸಾಕ್ಷಿಯನ್ನೇ ನಂಬಿ ತೀರ್ಮಾನ ಬರೆಯಬಾರದು. ಟಾನ್ಸಿಲ್, ಗುಲ್ಮ ಮತ್ತು ದುಗ್ಧಗ್ರಂಥಿಯ ತುಣುಕುಗಳನ್ನು ಎರಡೂ ವೈರಸ್‌ಗಳ ಪಿಸಿಆರ್ ಪರೀಕ್ಷೆಗೆ, ಅಂದರೆ ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಪರೀಕ್ಷೆಗೆ, ಕೊಟ್ಟೆವು. ಆಫ್ರಿಕನ್ ಜ್ವರ ಇಲ್ಲವೆಂದೂ ಹಳೆಯ ಹಂದಿ ಜ್ವರ ಇದೆಯೆಂದೂ ಫಲಿತಾಂಶ ಬಂತು. ವೈರಸ್ಸಿನ ಆನುವಂಶಿಕ ಅಕ್ಷರಗಳ ಅನುಕ್ರಮವನ್ನು ಓದಿಸಿದಾಗ ಅದು ಲಸಿಕೆಯ ವೈರಸ್ ಅಲ್ಲ, ಹೊರಗಿನಿಂದ ಬಂದ ವೈರಸ್ಸೇ ಎಂಬುದೂ ಖಚಿತವಾಯಿತು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಈ ರೋಗ ಇರುವುದರಿಂದ ಸ್ಥಳೀಯ ಪಶುವೈದ್ಯಾಧಿಕಾರಿಗೆ ಕೂಡಲೇ ವರದಿ ಹೋಯಿತು. ಫಾರ್ಮಿನಿಂದ ಹಂದಿಗಳ ಸಾಗಣೆ ನಿಂತಿತು.

ಕಾರಣ ತಿಳಿದರೂ ಮಾಲೀಕರ ಪ್ರಶ್ನೆ ಹಾಗೆಯೇ ಉಳಿದಿತ್ತು. "ಮೇಡಂ, ಒಂದು ಮರೀನೂ ಬಿಡದೆ ಲಸಿಕೆ ಹಾಕ್ಸಿದೀನಿ. ಬುಕ್ಕಲ್ಲಿ ತಾರೀಖು ಸಮೇತ ಇದೆ, ನೋಡಿ" ಎಂದು ಅವರು ರಿಜಿಸ್ಟರ್ ಮುಂದಿಟ್ಟರು. ದಾಖಲೆ ನಿಜಕ್ಕೂ ಅಚ್ಚುಕಟ್ಟಾಗಿತ್ತು. ನಾಲ್ಕನೆಯ ವಾರ ತುಂಬಿದ ಮರಿಗಳನ್ನು ತಾಯಿಯಿಂದ ಬೇರ್ಪಡಿಸುವ ದಿನವೇ ಲಸಿಕೆಯನ್ನೂ ಹಾಕಿ ಮುಗಿಸುವುದು ಅಲ್ಲಿನ ಪದ್ಧತಿ. ಹಿಡಿದ ಮರಿಯನ್ನು ಮತ್ತೊಮ್ಮೆ ಹಿಡಿಯುವ ಶ್ರಮ ತಪ್ಪುತ್ತಿತ್ತು. ಅನುಮಾನ ಅಲ್ಲಿಂದಲೇ ಹುಟ್ಟಿತು. ಆದರೆ ಅನುಮಾನವನ್ನು ಅಂಕಿಗಳಿಂದ ತೋರಿಸದೆ ಯಾವ ಮಾಲೀಕರೂ ರೂಢಿಯನ್ನು ಬದಲಿಸುವುದಿಲ್ಲ, ಬದಲಿಸಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ಯಾರ ರಕ್ತ ತೆಗೆಯಬೇಕು ಎಂಬುದೇ ಇಂಥ ಸಮೀಕ್ಷೆಯ ಅರ್ಧ ಕೆಲಸ. ದೊಡ್ಡ ಹಿಂಡಿನಲ್ಲಿ ನೂರಕ್ಕೆ ಹತ್ತರಷ್ಟು ಹಂದಿಗಳಲ್ಲಿ ಪ್ರತಿಕಾಯ ಇದ್ದರೆ, ಅವುಗಳಲ್ಲಿ ಒಂದಾದರೂ ನಮ್ಮ ಕೈಗೆ ಸಿಗುವ ಸಾಧ್ಯತೆ ಶೇ. 95ರಷ್ಟಿರಬೇಕೆಂದರೆ ಸುಮಾರು 30 ಹಂದಿಗಳ ರಕ್ತ ಬೇಕಾಗುತ್ತದೆ. ಆದರೆ ಪ್ರತಿಕಾಯ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯುವುದು ನಮ್ಮ ಉದ್ದೇಶವಾಗಿರಲಿಲ್ಲ. ಯಾವ ವಯಸ್ಸಿನಲ್ಲಿ ಎಷ್ಟಿದೆ ಎಂಬುದು ಬೇಕಿತ್ತು. ಹಾಗಾಗಿ ತಾಯಿ ಹಂದಿಗಳು, ಒಂದು ವಾರದ ಮರಿಗಳು, ಲಸಿಕೆಗೆ ಸಿದ್ಧವಾದ ನಾಲ್ಕು ವಾರದವು, ಎಂಟು ವಾರದವು, ಹನ್ನೆರಡು ವಾರದವು, ಮಾರಾಟಕ್ಕೆ ಬೆಳೆದವು ಎಂದು ವಯಸ್ಸಿನ ಗುಂಪು ಮಾಡಿಕೊಂಡು, ಸಾಧ್ಯವಾದಲ್ಲೆಲ್ಲ ಮರಿಯ ರಕ್ತದ ಜೊತೆ ಅದರ ತಾಯಿಯ ರಕ್ತವನ್ನೂ ತೆಗೆದೆವು. ರೋಗವಿರುವ ಕೊಟ್ಟಿಗೆಯಿಂದ ಆರೋಗ್ಯವಂತ ಕೊಟ್ಟಿಗೆಗೆ ಸೋಂಕನ್ನು ನಾವೇ ಹೊತ್ತೊಯ್ಯದಂತೆ ಕೆಲಸವನ್ನು ಆರೋಗ್ಯವಂತ ಮರಿಗಳಿಂದ ಆರಂಭಿಸಿದೆವು, ಪ್ರತಿ ಹಂದಿಗೂ ಹೊಸ ಸೂಜಿ ಬಳಸಿದೆವು, ಬೂಟುಗಳನ್ನು ಅದ್ದುವ ನೀರನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಬದಲಿಸಿದೆವು.

ಹಂದಿಯ ರಕ್ತ ತೆಗೆಯುವುದು ಹಸುವಿನ ರಕ್ತ ತೆಗೆದಷ್ಟು ಸುಲಭವಲ್ಲ. ದಪ್ಪ ಕೊಬ್ಬಿನ ಪದರದ ಕೆಳಗಿರುವ ಕುತ್ತಿಗೆಯ ರಕ್ತನಾಳ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಚಿಕ್ಕ ಮರಿಯಾದರೆ ಬೆನ್ನ ಮೇಲೆ ಮಲಗಿಸಿ, ಮುಂಗಾಲುಗಳನ್ನು ಹಿಂದಕ್ಕೆ ಎಳೆದು ಹಿಡಿದು, ಎದೆಯ ಮೂಳೆಯ ತುದಿಯ ಪಕ್ಕದ ಕುಳಿಯಲ್ಲಿ ಸೂಜಿಯನ್ನು ಎದುರು ಭುಜದ ದಿಕ್ಕಿಗೆ ಇಳಿಸಬೇಕು. ದೊಡ್ಡ ಹಂದಿಯಾದರೆ ಮೇಲ್ದವಡೆಗೆ ಕುಣಿಕೆ ಹಾಕಿ ನಿಲ್ಲಿಸಬೇಕಾಗುತ್ತದೆ. ಅದು ಹಿಂದಕ್ಕೆ ಜಗ್ಗುತ್ತಾ ಕಿರುಚುವಾಗ ಕುತ್ತಿಗೆ ತಾನಾಗಿಯೇ ನೆಟ್ಟಗಾಗುತ್ತದೆ, ಆ ಗಳಿಗೆಯಲ್ಲೇ ಸೂಜಿ ಹೋಗಬೇಕು. ಯಾವಾಗಲೂ ಬಲಬದಿಯಿಂದಲೇ ತೆಗೆಯಬೇಕೆಂದು ನಮಗೆ ಕಲಿಸುತ್ತಾರೆ, ಏಕೆಂದರೆ ಹೃದಯಕ್ಕೆ ಮತ್ತು ಎದೆ-ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆಗೆ ಸಂಬಂಧಿಸಿದ ನರಗಳಿಗೆ ಪೆಟ್ಟಾಗುವ ಅಪಾಯ ಆ ಬದಿಯಲ್ಲಿ ಕಡಿಮೆ. ಮರಿ ಹಾಕುವ ಕೊಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಒಂದೊಂದು ಮರಿಯನ್ನೂ ಎತ್ತಿ ಕೊಡುವಾಗ "ಇದು ಕೊನೇಲಿ ಹುಟ್ಟಿದ್ದು ಮೇಡಂ, ಹಾಲಿಗೇ ಹೋಗ್ತಿರಲಿಲ್ಲ, ನಾನೇ ಮೊಲೆಗೆ ಹಚ್ಚಿದೆ" ಎಂದು ಅದರ ಚರಿತ್ರೆಯನ್ನೂ ಹೇಳುತ್ತಿದ್ದರು. ಆ ಮಾತುಗಳನ್ನು ನಾನು ಮಾದರಿಯ ಸಂಖ್ಯೆಯ ಪಕ್ಕದಲ್ಲೇ ಬರೆದುಕೊಂಡೆ. ಆಮೇಲೆ ಅಂಕಿಗಳನ್ನು ಅರ್ಥ ಮಾಡಿಕೊಳ್ಳುವಾಗ ಅವು ರಿಜಿಸ್ಟರಿಗಿಂತ ಹೆಚ್ಚು ನೆರವಾದವು.

ಹಂದಿಯ ರಕ್ತಕಣಗಳು ಬೇಗ ಒಡೆಯುತ್ತವೆ, ಒಡೆದ ರಕ್ತದ ಸಾರ ಕೆಂಪಾಗಿ ಪರೀಕ್ಷೆಗೆ ತೊಡಕಾಗುತ್ತದೆ. ಆದ್ದರಿಂದ ನಳಿಕೆಗಳನ್ನು ಅಲುಗಾಡಿಸದೆ ಓರೆಯಾಗಿಟ್ಟು ಹೆಪ್ಪುಗಟ್ಟಲು ಬಿಟ್ಟು, ತಿಳಿಯಾದ ರಕ್ತಸಾರವನ್ನಷ್ಟೇ ಬೇರ್ಪಡಿಸಿ ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ತಂದೆವು. ನಾವು ಬಳಸಿದ್ದು ತಡೆ ವಿಧಾನದ ಎಲೈಸಾ, ಅಂದರೆ ಬಣ್ಣದ ಬದಲಾವಣೆಯಿಂದ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ. 96 ಕುಳಿಗಳ ತಟ್ಟೆಯ ತಳದಲ್ಲಿ ವೈರಸ್ಸಿನ ಹೊರಕವಚದ ಇ2 ಎಂಬ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ಹಂದಿಯ ರಕ್ತಸಾರದಲ್ಲಿ ಪ್ರತಿಕಾಯಗಳಿದ್ದರೆ ಅವು ಹೋಗಿ ಆ ಪ್ರೋಟೀನಿನ ಮೇಲೆ ಕುಳಿತುಕೊಳ್ಳುತ್ತವೆ. ಆಮೇಲೆ ಹಾಕುವ, ಬಣ್ಣ ಹುಟ್ಟಿಸುವ ಕಿಣ್ವ ಹೊತ್ತ ಪ್ರತಿಕಾಯಕ್ಕೆ ಜಾಗ ಸಿಗುವುದಿಲ್ಲ. ತೊಳೆದು, ದ್ರಾವಣ ಹಾಕಿ, ಆಮ್ಲದಿಂದ ನಿಲ್ಲಿಸಿದಾಗ ಪ್ರತಿಕಾಯವಿಲ್ಲದ ಕುಳಿ ಗಾಢ ಹಳದಿಯಾಗುತ್ತದೆ, ಪ್ರತಿಕಾಯ ತುಂಬಿದ ಕುಳಿ ನೀರಿನಂತೆ ತಿಳಿಯಾಗಿಯೇ ಉಳಿಯುತ್ತದೆ. ಪ್ರತಿಕಾಯವಿಲ್ಲದ ಮಾದರಿಗೆ ಯಂತ್ರ ಬಣ್ಣದ ಗಾಢತೆಯನ್ನು 1.20 ಎಂದು ಓದಿ, ಪರೀಕ್ಷೆಯ ಮಾದರಿಗೆ 0.30 ಎಂದು ಓದಿದರೆ ತಡೆ, ಅಂದರೆ ಬಣ್ಣ ಕಡಿಮೆಯಾದ ಪ್ರಮಾಣ, ಶೇ. 75 ಎಂದರ್ಥ. ನಮ್ಮ ಕಿಟ್ಟಿನ ಪ್ರಕಾರ ಶೇ. 40 ಮತ್ತು ಅದಕ್ಕಿಂತ ಹೆಚ್ಚಾದರೆ ಪ್ರತಿಕಾಯ ಇದೆ, 30 ಮತ್ತು ಅದಕ್ಕಿಂತ ಕಡಿಮೆಯಾದರೆ ಇಲ್ಲ, ನಡುವಿನದು ಅನುಮಾನಾಸ್ಪದ.

ಅಂಕಿಗಳನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿದ ಕೂಡಲೇ ಚಿತ್ರ ಬಹುಪಾಲು ಸ್ಪಷ್ಟವಾಯಿತು. ಹೆಚ್ಚಿನ ತಾಯಿ ಹಂದಿಗಳ ತಡೆ ಬಹಳ ಎತ್ತರದಲ್ಲಿತ್ತು, ಒಂದು ವಾರದ ಮರಿಗಳದ್ದೂ ಅಷ್ಟೇ. ನಾಲ್ಕು ವಾರದ, ಇನ್ನೂ ಲಸಿಕೆ ಕಾಣದ ಮರಿಗಳಲ್ಲೂ ಪ್ರತಿಕಾಯ ಧಾರಾಳವಾಗಿತ್ತು. ಲಸಿಕೆ ಪಡೆದ ಎಂಟು ವಾರದ ಮರಿಗಳಲ್ಲಿ ಅದು ಏರುವ ಬದಲು ಇಳಿದಿತ್ತು. ಹನ್ನೆರಡು ವಾರದವುಗಳಲ್ಲಿ ಹೆಚ್ಚಿನವು ಖಾಲಿ. ಲಸಿಕೆ ಚರ್ಮದ ಒಳಗೆ ಹೋಗಿದ್ದರೂ ದೇಹದ ಮಟ್ಟಿಗೆ ಹೋಗಿರಲೇ ಇಲ್ಲ.

ಇದರ ಮೂಲ ಹಂದಿಯ ಗರ್ಭದ ರಚನೆಯಲ್ಲಿದೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಮಾಸುಚೀಲದ ಮೂಲಕ ಮಗುವಿಗೆ ಸೇರುತ್ತವೆ. ಹಂದಿಯಲ್ಲಿ ತಾಯಿಯ ರಕ್ತ ಮತ್ತು ಮರಿಯ ರಕ್ತದ ನಡುವೆ ಹಲವು ಅಂಗಾಂಶ ಪದರಗಳು ಇಡಿಯಾಗಿ ಉಳಿಯುವುದರಿಂದ ಪ್ರತಿಕಾಯಗಳು ದಾಟಲಾರವು. ಮರಿ ಪ್ರತಿಕಾಯಗಳಿಲ್ಲದೆಯೇ ಹುಟ್ಟುತ್ತದೆ. ಹುಟ್ಟಿದ ಮೇಲೆ ಕುಡಿಯುವ ಗಿಣ್ಣುಹಾಲೇ ಅದಕ್ಕೆ ಸಿಗುವ ಮೊದಲ ರಕ್ಷಣೆ. ಮರಿಯ ಕರುಳು ಆ ದೊಡ್ಡ ಪ್ರೋಟೀನುಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಸುಮಾರು ಮೊದಲ 24ರಿಂದ 36 ಗಂಟೆಗಳ ಕಾಲ ಮಾತ್ರ, ಆಮೇಲೆ ಆ ಬಾಗಿಲು ಮುಚ್ಚುತ್ತದೆ. ಹಾಲಿನಲ್ಲಿರುವ ಪ್ರತಿಕಾಯಗಳ ಪ್ರಮಾಣವೂ ಅದೇ ಒಂದು ದಿನದಲ್ಲಿ ಕುಸಿಯುತ್ತದೆ. ಹೀಗೆ ಬಂದದ್ದು ತಾಯಿ ತುಂಬಿಸಿಟ್ಟ ಹಗೇವಿನಂತೆ: ಮರಿ ಅದನ್ನು ಖರ್ಚು ಮಾಡಬಲ್ಲದೇ ಹೊರತು ಅದಕ್ಕೆ ಒಂದು ಕಾಳನ್ನೂ ಸೇರಿಸಲಾರದು. ಈ ಪ್ರತಿಕಾಯಗಳು ಎರಡು ವಾರಕ್ಕೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. ಹುಟ್ಟಿದ ಮರುದಿನ 256ರ ಮಟ್ಟದಲ್ಲಿದ್ದ (ರಕ್ತಸಾರವನ್ನು ಅಷ್ಟು ಪಟ್ಟು ತೆಳುಮಾಡಿದರೂ ಪ್ರತಿಕಾಯ ಕಾಣುತ್ತದೆ ಎಂದರ್ಥ) ಮರಿ ನಾಲ್ಕನೆಯ ವಾರಕ್ಕೆ 64ಕ್ಕೆ, ಎಂಟನೆಯ ವಾರಕ್ಕೆ 16ಕ್ಕೆ ಇಳಿಯುತ್ತದೆ.

ಹಂದಿ ಜ್ವರದ ಲಸಿಕೆ ಜೀವಂತ ಲಸಿಕೆ. ಅದರ ಸೌಮ್ಯ ವೈರಸ್ ಮರಿಯ ದೇಹದಲ್ಲಿ ಬೆಳೆದರಷ್ಟೇ ದೇಹ ಅದನ್ನು ಕಲಿಯುತ್ತದೆ. ರಕ್ತದಲ್ಲಿ ತಾಯಿಯ ಪ್ರತಿಕಾಯ ತುಂಬಿರುವಾಗ ಹಾಕಿದರೆ ಆ ಪ್ರತಿಕಾಯಗಳೇ ಲಸಿಕೆಯ ವೈರಸ್ಸನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತವೆ. ತಾಯಿ ಹಂದಿಗಳಿಗೆ ಮಾಲೀಕರು ತಪ್ಪದೆ ಲಸಿಕೆ ಹಾಕಿಸಿದ್ದರಿಂದಲೇ ಮರಿಗಳಲ್ಲಿ ತಡೆ ಬಲವಾಗಿತ್ತು. ಅವರ ಶ್ರದ್ಧೆಯೇ ಮರಿಗಳ ಲಸಿಕೆಗೆ ಅಡ್ಡ ಬಂದಿತ್ತು. ಇದನ್ನು ಅವರಿಗೆ ಹೇಳುವಾಗ ನನಗೆ ನಿಜಕ್ಕೂ ಸಂಕಟವಾಯಿತು. ನಾಲ್ಕನೆಯ ವಾರದ ರೂಢಿಗೆ ಶ್ರಮ ಉಳಿಸುವುದಲ್ಲದೆ ಇನ್ನೊಂದು ಕಾರಣವೂ ಇತ್ತು. ಹಳೆಯ ಲಸಿಕೆಯನ್ನು ಮೊಲಗಳಲ್ಲಿ ಬೆಳೆಸಿ, ಅವುಗಳ ಗುಲ್ಮದಿಂದ ತಯಾರಿಸುತ್ತಾರೆ. ಒಂದು ಮೊಲದಿಂದ ಸಿಗುವುದು ಸುಮಾರು 50 ಡೋಸ್ ಮಾತ್ರ. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಜೀವಕೋಶಗಳಲ್ಲಿ ಬೆಳೆಸುವ ದೇಶೀಯ ಲಸಿಕೆಯನ್ನು 2020ರಲ್ಲಿ ಬಿಡುಗಡೆ ಮಾಡಿದರೂ, ಸಿಕ್ಕಾಗ ಹಾಕಿಸಿಬಿಡಬೇಕೆಂಬ ಹಳೆಯ ಆತಂಕ ಸಾಕುವವರ ಮನಸ್ಸಿನಿಂದ ಹೋಗಿಲ್ಲ.

ಇಷ್ಟಾದರೂ ಮರಿಗಳ ಸಾವಿಗೆ ಬೇಕಾದ ವೈರಸ್ ಎಲ್ಲಿಂದ ಬರುತ್ತಿತ್ತು ಎಂಬುದು ತಿಳಿದಿರಲಿಲ್ಲ. ಬೆಂಗಳೂರಿನ ಹೋಟೆಲುಗಳಿಂದ ಬರುವ ಮುಸುರೆಯ ಮೇಲೆ ಎಲ್ಲರಿಗೂ ಅನುಮಾನವಿತ್ತು. ಹಸಿ ಹಂದಿಮಾಂಸದ ಚೂರು ಬೆರೆತ ಮುಸುರೆಯನ್ನು ಕುದಿಸದೆ ಹಾಕಿದರೆ ಎರಡೂ ಜ್ವರಗಳು ಹರಡುತ್ತವೆಂಬುದು ಸತ್ಯ. ಆದರೆ ಉತ್ತರ ತಟ್ಟೆಯ ಒಂದು ಕುಳಿಯಲ್ಲಿತ್ತು. ಬೆಳೆದ ಹಂದಿಗಳ ಒಂದು ಅಂಕಣದಲ್ಲಿ, ಹಿಂದೆ ಜ್ವರ ಬಂದು ಉಳಿದುಕೊಂಡವುಗಳಲ್ಲಿ, ಎಲ್ಲ ಕುಳಿಗಳೂ ತಿಳಿಯಾಗಿದ್ದವು. ಒಂದು ಮಾತ್ರ ಗಾಢ ಹಳದಿ. ಅಷ್ಟು ಸೋಂಕು ಹರಿದಾಡಿದ ಅಂಕಣದಲ್ಲಿ ಇಷ್ಟು ದಿನ ಬದುಕಿದ ಹಂದಿಗೆ ಪ್ರತಿಕಾಯವೇ ಇಲ್ಲವೆಂದರೆ ಸಮಾಧಾನಪಡುವ ವಿಷಯವಲ್ಲ. ಮೊದಲು ಮಾದರಿ ಅದಲುಬದಲಾಗಿರಬಹುದೆಂದು ಪರೀಕ್ಷೆ ಮರುಕಳಿಸಿದೆವು. ಅದೇ ಹಳದಿ. ಹೋಗಿ ನೋಡಿದರೆ ಜೊತೆಯವುಗಳ ಅರ್ಧದಷ್ಟೇ ಬೆಳೆದ, ರೋಮ ಒರಟಾದ, ಆದರೆ ಜ್ವರವಿಲ್ಲದೆ ತೊಟ್ಟಿಗೆ ಮೂತಿ ಹಾಕಿ ತಿನ್ನುತ್ತಿದ್ದ ಹಂದಿ. ಅದರ ರಕ್ತವನ್ನು ಪಿಸಿಆರ್‌ಗೆ ಕೊಟ್ಟಾಗ ವೈರಸ್ ಅಪಾರ ಪ್ರಮಾಣದಲ್ಲಿ ಸಿಕ್ಕಿತು. ಹೊಸ ಸೋಂಕು ಇರಬಹುದೇ ಎಂದು ಕೆಲವು ವಾರ ಬೇರೆಯಿಟ್ಟು ಮತ್ತೆ ಪರೀಕ್ಷಿಸಿದಾಗಲೂ ವೈರಸ್ ಹಾಗೆಯೇ ಇತ್ತು, ಪ್ರತಿಕಾಯ ಹುಟ್ಟಿರಲಿಲ್ಲ.

ಗಬ್ಬದ ಸುಮಾರು 50ರಿಂದ 70ನೆಯ ದಿನಗಳ ನಡುವೆ ತಾಯಿಗೆ ಸೋಂಕು ತಗುಲಿದರೆ ವೈರಸ್ ಭ್ರೂಣವನ್ನು ಸೇರುತ್ತದೆ. ತನ್ನದು ಯಾವುದು, ಪರಕೀಯ ಯಾವುದು ಎಂದು ರೋಗನಿರೋಧಕ ವ್ಯವಸ್ಥೆ ಇನ್ನೂ ಕಲಿಯುತ್ತಿರುವ ಕಾಲ ಅದು. ವೈರಸ್ಸನ್ನೂ ಅದು ತನ್ನದೆಂದೇ ಎಣಿಸುತ್ತದೆ. ಹಾಗೆ ಹುಟ್ಟಿದ ಮರಿ ವೈರಸ್ಸಿನ ವಿರುದ್ಧ ಪ್ರತಿಕಾಯ ತಯಾರಿಸುವುದೇ ಇಲ್ಲ. ಕೊನೆಗೆ ಸಾಯುವವರೆಗೆ, ತಿಂಗಳುಗಟ್ಟಲೆ, ಜೊಲ್ಲು, ಮೂತ್ರ, ಮಲಗಳಲ್ಲಿ ವೈರಸ್ ಹೊರಹಾಕುತ್ತಲೇ ಇರುತ್ತದೆ. ತಾಯಿಗೆ ಹೆಚ್ಚೆಂದರೆ ಎರಡು ದಿನ ಮೇವು ಕಡಿಮೆಯಾಗಿರಬಹುದು, ಆಮೇಲೆ ಅದರ ರಕ್ತದಲ್ಲಿ ಒಳ್ಳೆಯ ಪ್ರತಿಕಾಯಗಳಿರುತ್ತವೆ. ರಿಜಿಸ್ಟರ್ ತಿರುವಿದಾಗ ಈ ಹಂದಿಯ ತಾಯಿಯನ್ನು ಗಬ್ಬವಾಗಿದ್ದಾಗಲೇ ಸಂತೆಯಿಂದ ಕೊಂಡು ನೇರವಾಗಿ ಹಿಂಡಿಗೆ ಸೇರಿಸಿದ್ದು ತಿಳಿಯಿತು. ಪ್ರತಿಕಾಯ ಪರೀಕ್ಷೆಯಲ್ಲಿ ತಾಯಿ ಉತ್ತೀರ್ಣ, ಮರಿಗೆ ಸೋಂಕೇ ತಗುಲಿಲ್ಲವೆಂಬ ವರದಿ. ರೋಗದ ಮೂಲ ಇವೆರಡರ ನಡುವೆಯೇ ಇತ್ತು.

"ತಿಂತಾ ಇದೆಯಲ್ಲ ಮೇಡಂ, ಜ್ವರಾನೂ ಇಲ್ಲ. ಇನ್ನೊಂದು ತಿಂಗಳು ನೋಡೋಣವಾ?" ಎಂದು ಮಾಲೀಕರು ಕೇಳಿದರು. ಒಂದು ಹಂದಿಯ ಬೆಲೆ ಅವರಿಗೆ ಸಣ್ಣದಲ್ಲ. ಅದರ ಅಂಕಣದ ಅಕ್ಕಪಕ್ಕದಲ್ಲಿ ಎಷ್ಟೆಷ್ಟು ಮರಿಗಳು ಯಾವ ತಿಂಗಳಲ್ಲಿ ಸತ್ತವೆಂಬುದನ್ನು ಅವರ ರಿಜಿಸ್ಟರಿನಿಂದಲೇ ಓದಿ ತೋರಿಸಿದ ಮೇಲೆ ಅವರು ಒಪ್ಪಿದರು. ಅದನ್ನೂ ಅದೇ ಸೂಲಿನಲ್ಲಿ ಹುಟ್ಟಿ ಪಿಸಿಆರ್‌ನಲ್ಲಿ ಸಿಕ್ಕಿಬಿದ್ದ ಇನ್ನೊಂದನ್ನೂ ಸಂಕಟವಾಗದಂತೆ ಕೊಂದು ಸುಣ್ಣ ಹಾಕಿ ಆಳವಾಗಿ ಹೂಳಲಾಯಿತು.

ಕೆಲವು ತಾಯಿ ಹಂದಿಗಳ ಅಂಕಿ 30 ಮತ್ತು 40ರ ನಡುವೆ ನಿಂತು ನಮ್ಮನ್ನು ಕಾಡಿತು. ಫಾರ್ಮಿನ ಒಂದು ಬದಿಗೆ ಹಸುಗಳ ಕೊಟ್ಟಿಗೆಯಿದೆ. ಹಸುಗಳ ವೈರಲ್ ಭೇದಿಯ ವೈರಸ್ ಕೂಡ ಪೆಸ್ಟಿವೈರಸ್ಸೇ; ಅದು ಹಂದಿಗೆ ತಗುಲಿದರೆ ಹುಟ್ಟುವ ಪ್ರತಿಕಾಯಗಳು ಹಂದಿ ಜ್ವರದ ಪರೀಕ್ಷೆಯಲ್ಲೂ ಸ್ವಲ್ಪ ಪ್ರತಿಕ್ರಿಯೆ ತೋರಬಲ್ಲವು. ಜೀವಕೋಶಗಳ ಮೇಲೆ ಎರಡೂ ವೈರಸ್‌ಗಳನ್ನು ಪ್ರತ್ಯೇಕವಾಗಿಟ್ಟು, ರಕ್ತಸಾರ ಯಾವುದನ್ನು ಹೆಚ್ಚು ತಡೆಯುತ್ತದೆಂದು ನೋಡುವ ತಟಸ್ಥೀಕರಣ ಪರೀಕ್ಷೆ ಮಾಡಿದಾಗ ಅನುಮಾನದ ಮಾದರಿಗಳಲ್ಲಿ ಹೆಚ್ಚಿನವು ಹಸುವಿನ ವೈರಸ್ಸಿನ ಕಡೆಗೇ ವಾಲಿದವು. ಈ ಪರೀಕ್ಷೆ ನಿಧಾನ, ದುಬಾರಿ; ಆದರೂ ಎಲೈಸಾದ ಅಂಕಿಯೊಂದನ್ನೇ ನಂಬಿ ಅವುಗಳಿಗೆ ಹಂದಿ ಜ್ವರದ ರಕ್ಷಣೆಯಿದೆ ಎಂದು ಬರೆದಿದ್ದರೆ ಆ ಹಂದಿಗಳು ಮುಂದಿನ ಸೋಂಕಿಗೆ ಬರಿಗೈಯಲ್ಲಿ ಸಿಗುತ್ತಿದ್ದವು.

ಈಗ ಆ ಫಾರ್ಮಿನಲ್ಲಿ ಮರಿಗಳ ಮೊದಲ ಲಸಿಕೆ ಎಂಟನೆಯ ವಾರ ತುಂಬಿದ ಮೇಲೆ. ತಾಯಿ ಹಂದಿಗಳಿಗೆ ಮರಿ ಬಿಡಿಸಿದ ನಂತರ, ಮತ್ತೆ ಗಂಡು ಸೇರಿಸುವ ಮೊದಲು ಲಸಿಕೆ. ಮರಿ ಹಾಕುವ ಕೊಟ್ಟಿಗೆಯ ಅಕ್ಕನ ಸಲಹೆಯಂತೆ ಕೊನೆಯಲ್ಲಿ ಹುಟ್ಟಿದ ಮರಿಗಳನ್ನು ಗುರುತು ಮಾಡಿ, ಬಲವಾದವನ್ನು ಸ್ವಲ್ಪ ಹೊತ್ತು ಬೇರೆಯಿಟ್ಟು, ಇವುಗಳಿಗೆ ಗಿಣ್ಣುಹಾಲು ಕುಡಿಸುತ್ತಾರೆ. ಒಂದೇ ಸೂಲಿನ ಮರಿಗಳ ಪ್ರತಿಕಾಯಗಳಲ್ಲಿ ಏರುಪೇರು ಕಡಿಮೆಯಾದಷ್ಟೂ ಲಸಿಕೆಯ ದಿನವನ್ನು ಹೊಂದಿಸುವುದು ಸುಲಭ. ಬದಲಾವಣೆಯ ನಂತರ ಅದೇ ಮರಿಗಳ ರಕ್ತವನ್ನು ಲಸಿಕೆಯ ದಿನ ಒಮ್ಮೆ, ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ತೆಗೆದು ಜೋಡಿಯಾಗಿ ಒಂದೇ ತಟ್ಟೆಯಲ್ಲಿ ಪರೀಕ್ಷಿಸಿದೆವು. ಮೊದಲ ಕುಳಿ ಹಳದಿ ಅಥವಾ ಅನುಮಾನದ ಮಟ್ಟ, ಪಕ್ಕದ ಕುಳಿ ತಿಳಿ. ಬಹುಪಾಲು ಜೋಡಿಗಳು ಹೀಗೆಯೇ ಇದ್ದವು. ಜ್ವರದ ಸಾವು ನಿಂತಿದೆ.

ಒಂದು ಮಿತಿ ಮಾತ್ರ ನಮ್ಮ ಕೈ ಮೀರಿದ್ದು. ಈಗಿನ ಜೀವಂತ ಲಸಿಕೆಯಿಂದ ಹುಟ್ಟುವ ಪ್ರತಿಕಾಯಕ್ಕೂ ನಿಜವಾದ ಸೋಂಕಿನಿಂದ ಹುಟ್ಟುವ ಪ್ರತಿಕಾಯಕ್ಕೂ ಎಲೈಸಾ ವ್ಯತ್ಯಾಸ ಕಾಣದು. ಯುರೋಪಿನಲ್ಲಿ ಅನುಮತಿ ಪಡೆದಿರುವ ಗುರುತುಳ್ಳ ಲಸಿಕೆಗಳನ್ನು ಬಳಸಿದರೆ, ವೈರಸ್ಸಿನ ಇನ್ನೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯ ಹುಡುಕಿ ಇವೆರಡನ್ನು ಬೇರ್ಪಡಿಸಲು ಸಾಧ್ಯ. ನಮ್ಮ ಫಾರ್ಮುಗಳಲ್ಲಿ ಆ ಸೌಲಭ್ಯ ಇನ್ನೂ ಬಂದಿಲ್ಲ, ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆಫ್ರಿಕನ್ ಹಂದಿ ಜ್ವರದ ವಿಷಯದಲ್ಲಿ ಲೆಕ್ಕವೇ ಬೇರೆ: ನಮ್ಮಲ್ಲಿ ಲಸಿಕೆ ಬಳಕೆಯಲ್ಲಿಲ್ಲವಾದ್ದರಿಂದ ಪ್ರತಿಕಾಯ ಕಂಡರೆ ಅದು ಸೋಂಕೇ, ಆದರೆ ಹೆಚ್ಚಿನ ಹಂದಿಗಳು ಪ್ರತಿಕಾಯ ಹುಟ್ಟುವ ಮೊದಲೇ ಸಾಯುವುದರಿಂದ ಅಲ್ಲಿ ವೈರಸ್ಸನ್ನೇ ಹುಡುಕಬೇಕು. ಈ ಕಾರಣಕ್ಕೆ ಆ ಮಾಲೀಕರು ಈಗ ಹೊರಗಿನಿಂದ ತರುವ ಪ್ರತಿ ಹಂದಿಯನ್ನೂ ಒಂದು ತಿಂಗಳು ದೂರದ ಕೊಟ್ಟಿಗೆಯಲ್ಲಿಟ್ಟು, ರಕ್ತವನ್ನು ಪ್ರತಿಕಾಯಕ್ಕೆ ಒಂದು ನಳಿಕೆ, ವೈರಸ್ಸಿಗೆ ಒಂದು ನಳಿಕೆ ಎಂದು ಎರಡಾಗಿ ಕಳುಹಿಸುತ್ತಾರೆ. ಗಬ್ಬವಾದ ಹಂದಿಯನ್ನು ಕೊಳ್ಳುವುದನ್ನಂತೂ ಪೂರ್ತಿ ನಿಲ್ಲಿಸಿದ್ದಾರೆ.